ಎಂಬಿ ಅಂದರೆ ಯಾವ ಎಂಬಿ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಹಳ್ಳಿಗಳಿಗೆ ಬರುತ್ತಿರುವ ಆಪ್ಟಿಕಲ್ ಫೈಬರ್ ಬಗ್ಗೆ ಒಂದು ಸುದ್ದಿ ಇತ್ತು. ತಲೆಬರಹದಲ್ಲಿ ‘100 ಎಂಬಿಪಿಎಸ್ ವೇಗ’. ಒಳಗೆ ‘ಸೆಕೆಂಡಿಗೆ 100 ಎಂಬಿ’. ಕೊನೆಯ ಪ್ಯಾರಾದಲ್ಲಿ, 700 ಎಂಬಿಯ ಸಿನಿಮಾ ಏಳೇ ಸೆಕೆಂಡಿನಲ್ಲಿ ಇಳಿಯುತ್ತದೆ ಅಂತ ಲೆಕ್ಕ ಬೇರೆ. ಏಳು ಅಲ್ಲ ಸ್ವಾಮಿ, 56 ಸೆಕೆಂಡು. ಅದೂ ಎಲ್ಲ ಸರಿಯಾಗಿದ್ದು, ಲೈನಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ.

ಬರೀ 49 ಸೆಕೆಂಡಿನ ವ್ಯತ್ಯಾಸಕ್ಕೆ ಇಷ್ಟುದ್ದ ಪತ್ರವೇ ಅಂತ ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಪೇಪರ್ ಮಡಿಚಿಟ್ಟು ಸುಮ್ಮನಾಗಿದ್ದೆ. ಆದರೆ ನಮ್ಮ ಬೀದಿಯ ಫೋಟೋ ಸ್ಟುಡಿಯೋ ಹುಡುಗ ಅದೇ ಪುಟವನ್ನು ಕೈಯಲ್ಲಿ ಹಿಡಿದು ಮನೆಗೆ ಬಂದ. ಮುಖ ಕೆಂಪಗಾಗಿತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಊರು ತಿಪಟೂರು. 1979ರಲ್ಲಿ ದೂರವಾಣಿ ಕೆಲಸಕ್ಕೆ ಸೇರಿ 2015ರಲ್ಲಿ ನಿವೃತ್ತನಾದೆ. ಅದರಲ್ಲಿ ಹೆಚ್ಚು ವರ್ಷ ಕಳೆದದ್ದು ಟ್ರಾನ್ಸ್‌ಮಿಷನ್ ರೂಮಿನಲ್ಲಿ. ಅಂದರೆ ಒಂದೂರಿನ ಎಕ್ಸ್‌ಚೇಂಜಿನಿಂದ ಇನ್ನೊಂದೂರಿಗೆ ಮಾತು ಸಾಗಿಸುವ ಯಂತ್ರಗಳಿರುವ ಕೋಣೆ. ಬೀದಿಯವರಿಗೆ ನಾನು ಈಗಲೂ ‘ಟೆಲಿಫೋನ್ ಸಾರ್’. ಮೊಬೈಲ್ ಕೈಕೊಟ್ಟರೂ ನನ್ನ ಹತ್ತಿರವೇ ಬರುತ್ತಾರೆ, ಮಿಕ್ಸಿ ಕೆಟ್ಟರೂ ಬರುತ್ತಾರೆ.

ಸ್ಟುಡಿಯೋ ಹುಡುಗನ ಕಥೆ ಇಷ್ಟು. ಒಂದು ಮದುವೆ ಒಪ್ಪಿಕೊಂಡಿದ್ದ. ಬೆಳಿಗ್ಗೆ ಧಾರೆ, ಸಂಜೆ ಆರತಕ್ಷತೆ. ಬೆಳಗಿನ ವಿಡಿಯೋವನ್ನು ಬೆಂಗಳೂರಿನ ಎಡಿಟರ್‌ಗೆ ಕಳಿಸಬೇಕು, ಆತ ಐದು ನಿಮಿಷದ ತುಣುಕು ಮಾಡಿ ಸಂಜೆಯೊಳಗೆ ವಾಪಸ್ ಕಳಿಸಬೇಕು, ಅದನ್ನು ಆರತಕ್ಷತೆಯಲ್ಲಿ ದೊಡ್ಡ ಪರದೆ ಮೇಲೆ ಹಾಕಬೇಕು. ಹೀಗೆ ಮಾತಾಗಿತ್ತು. ಹುಡುಗನ ಕ್ಯಾಮೆರಾದಲ್ಲಿ 64 ಜಿಬಿ ಕಾರ್ಡು, ಪೂರ್ತಿ ತುಂಬಿತ್ತು. ಸ್ಟುಡಿಯೋದಲ್ಲಿ ಹೊಸದಾಗಿ ಹಾಕಿಸಿದ ಫೈಬರ್, 100 ಎಂಬಿಪಿಎಸ್, ಇಳಿಸುವುದಕ್ಕೂ ಏರಿಸುವುದಕ್ಕೂ ಅದೇ ವೇಗ. ಅವನು ಲೆಕ್ಕ ಹಾಕಿದ: 64 ಸಾವಿರ ಎಂಬಿ, ಸೆಕೆಂಡಿಗೆ 100 ಎಂಬಿ, ಅಂದರೆ 640 ಸೆಕೆಂಡು. ಹನ್ನೊಂದು ನಿಮಿಷ. ಇರಲಿ ಅಂತ ಹದಿನೈದು ನಿಮಿಷ ಇಟ್ಟುಕೊಂಡ. ಮೂರು ಗಂಟೆಗೆ ಕಳಿಸಲು ಶುರು ಮಾಡಿದರೆ ಮೂರೂಕಾಲಿಗೆ ಮುಗಿಯುತ್ತದೆ ಅಂತ ಎಡಿಟರ್‌ಗೂ ಹೆಣ್ಣಿನ ಕಡೆಯವರಿಗೂ ಹೇಳಿಬಿಟ್ಟ.

ಮುಗಿದದ್ದು ನಾಲ್ಕೂವರೆಗೆ. ಆಮೇಲೆ ಎಡಿಟಿಂಗ್ ತಡವಾಯಿತು, ವಾಪಸ್ ಬರುವುದು ಇನ್ನೂ ತಡ. ಪರದೆ ಮೇಲೆ ವಿಡಿಯೋ ಬರುವ ಹೊತ್ತಿಗೆ ಜನ ಊಟದ ಹಾಲಿನಲ್ಲಿ ಎಲೆ ಮುಂದೆ ಕೂತಿದ್ದರು. ಹೆಣ್ಣಿನ ಸೋದರಮಾವ ಏನೇನು ಅಂದರು ಅಂತ ಹುಡುಗ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

‘ಸಾರ್, ನೂರು ಅಂತ ದುಡ್ಡು ತಗೊಂಡು ಹನ್ನೊಂದು ಕೊಡ್ತಾ ಇದ್ದಾರೆ. ಮೋಸ ಅಲ್ವಾ? ಕಂಪ್ಯೂಟರಿನಲ್ಲಿ ನೋಡಿ, 11.3 ಎಂಬಿ ಅಂತಲೇ ತೋರಿಸುತ್ತೆ. ಪೇಪರ್‌ನಲ್ಲೂ ನೂರು ಎಂಬಿ ಅಂತ ಬರೆದಿದ್ದಾರೆ. ಕಂಪ್ಲೇಂಟ್ ಬರೆದುಕೊಡಿ’ ಅಂದ.

ನಾನು ಕಂಪ್ಲೇಂಟ್ ಬರೆದುಕೊಡಲಿಲ್ಲ. ಯಾಕೆಂದರೆ ಅವನಿಗೆ ಪೂರ್ತಿ ನೂರು ಬರುತ್ತಿತ್ತು.

ನಮ್ಮ ಮನೆಯ ಅಟ್ಟದ ಮೇಲೆ ಅಮ್ಮನ ಕಾಲದ ಹಿತ್ತಾಳೆ ಸೇರು ಇದೆ, ಪಾವು ಇದೆ, ಅರ್ಧಪಾವೂ ಇದೆ. ಮೂರನ್ನೂ ಕೆಳಗಿಳಿಸಿದೆ. ಅಡುಗೆಮನೆಯಿಂದ ಅಕ್ಕಿ ಡಬ್ಬ ತಂದೆ. ‘ನಿನ್ನ ಫೈಬರ್ ಅರ್ಧಪಾವಿನಲ್ಲಿ ಅಳೆಯುತ್ತೆ, ನಿನ್ನ ಕಾರ್ಡು ಸೇರಿನಲ್ಲಿ ಅಳೆಯುತ್ತೆ. ಸೇರು ತುಂಬಿಸು ನೋಡೋಣ’ ಅಂದೆ. ಹುಡುಗ ಅರ್ಧಪಾವಿನಲ್ಲಿ ತುಂಬಿ ತುಂಬಿ ಸುರಿದ. ಒಂದು, ಎರಡು, ಮೂರು. ಎಂಟಕ್ಕೆ ಸೇರು ತಲೆ ತಟ್ಟಿತು. ಅಕ್ಕಿ ಚೆಲ್ಲಬೇಡಿ ಅಂತ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. ಅಷ್ಟರಲ್ಲಿ ಚೆಲ್ಲಿಯಾಗಿತ್ತು.

ಬಿಟ್ ಅಂದರೆ ಆ ಅರ್ಧಪಾವು. ಬೈಟ್ ಅಂದರೆ ಸೇರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಷ್ಟೇ ವಿಷಯ.

ಇಂಗ್ಲಿಷಿನವರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ. ಅವರಲ್ಲೂ ಗೊಂದಲ ಇದೆ, ಆದರೆ ಕಣ್ಣಿಟ್ಟು ನೋಡಿದವನಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಸಣ್ಣ ಅಕ್ಷರ ದೊಡ್ಡ ಅಕ್ಷರ ಇಲ್ಲ. ಎರಡೂ ಕನ್ನಡಕ್ಕೆ ಬಂದರೆ ‘ಎಂಬಿ’. ಸೆಕೆಂಡಿಗೆ ಮೆಗಾಬಿಟ್ ಇದ್ದರೂ ಎಂಬಿಪಿಎಸ್, ಸೆಕೆಂಡಿಗೆ ಮೆಗಾಬೈಟ್ ಇದ್ದರೂ ಎಂಬಿಪಿಎಸ್. ಅಷ್ಟು ಎಚ್ಚರದಿಂದ ಓದುವವನಿಗೂ ಕನ್ನಡ ಪೇಪರ್‌ನಲ್ಲಿ ಯಾವುದು ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ಹುಡುಗ ದಡ್ಡ ಅಲ್ಲ. ಅವನ ಭಾಗಾಕಾರ ಸರಿಯಾಗೇ ಇತ್ತು. ಅರ್ಧಪಾವು ಅಂತ ಬರೆಯುವ ಕಡೆಯೂ ಸೇರು ಅಂತ ಬರೆಯುವ ಕಡೆಯೂ ನಾವು ಒಂದೇ ಮಾತು ಬರೆದಿದ್ದೇವೆ.

ಮದುವೆ ಕಾಗದದ ಲಕೋಟೆ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. 64 ಗಿಗಾಬೈಟ್ ಗುಣಿಸು ಎಂಟು, 512 ಗಿಗಾಬಿಟ್. ಅಂದರೆ 5,12,000 ಮೆಗಾಬಿಟ್. ಸೆಕೆಂಡಿಗೆ 100ರಂತೆ 5,120 ಸೆಕೆಂಡು. 85 ನಿಮಿಷ. ‘ನನಗೆ 90 ಆಯ್ತಲ್ಲ ಸಾರ್, ಆ ಐದು ನಿಮಿಷ ಯಾರು ತಿಂದರು?’ ಅಂತ ಕೇಳಿದ. ಒಳ್ಳೇ ಪ್ರಶ್ನೆ.

ತಿಂದದ್ದು ಲಕೋಟೆ. ವಿಡಿಯೋ ಹಾಗೇ ಹೋಗುವುದಿಲ್ಲ. ಚೂರು ಚೂರಾಗಿ, ಪ್ರತಿ ಚೂರಿಗೂ ವಿಳಾಸ ಬರೆದ ಲಕೋಟೆ ಹಾಕಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ 1,460 ಬೈಟ್ ಸರಕಿಗೆ ತಂತಿಯ ಮೇಲೆ 1,538 ಬೈಟ್‌ನಷ್ಟು ಜಾಗ ಬೇಕು. ಹಾಗಾಗಿ 100ರಲ್ಲಿ ಸರಕಿಗೆ ಉಳಿಯುವುದು 94.9 ಮೆಗಾಬಿಟ್. ಅದನ್ನು ಎಂಟರಿಂದ ಭಾಗಿಸಿದರೆ 11.87 ಮೆಗಾಬೈಟ್. ಆದರೆ ಅವನ ಕಂಪ್ಯೂಟರ್ ತೋರಿಸಿದ್ದು 11.3. ಅಲ್ಲೂ ಒಂದು ಸಣ್ಣ ತರಲೆ ಇದೆ.

ಫೋನ್ ಲೈನಿನ ಲೋಕದಲ್ಲಿ ಕಿಲೋ ಅಂದರೆ ಸಾವಿರ, ಮೆಗಾ ಅಂದರೆ ಹತ್ತು ಲಕ್ಷ. ಎರಡು ಮಾತಿಲ್ಲ. ಕಂಪ್ಯೂಟರಿನವರು ಎರಡರಿಂದ ಗುಣಿಸುತ್ತಾ ಹೋಗುವವರು. ಅವರಿಗೆ 1,024 ಕೈಗೆ ಸಿಕ್ಕಿತು, ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೇ ಕಿಲೋ ಅಂದುಬಿಟ್ಟರು. ಅವರ ಮೆಗಾ 10,48,576. ಹುಡುಗನ ಕಂಪ್ಯೂಟರಿನಲ್ಲಿರುವ ವಿಂಡೋಸ್ ಇವತ್ತಿಗೂ ಹೀಗೇ ಎಣಿಸುತ್ತದೆ. 64 ಜಿಬಿ ಅಂತ ಬರೆದ ಕಾರ್ಡನ್ನು ಹಾಕಿದರೆ ‘59.6 ಜಿಬಿ’ ಅಂತ ತೋರಿಸುವುದು ಅದಕ್ಕೇ. ಅಂಗಡಿಯವನು ಕದ್ದಿಲ್ಲ. ಆ 11.87 ಕೂಡ ಇದೇ ಲೆಕ್ಕದಲ್ಲಿ 11.3 ಆಗುತ್ತದೆ.

ನನಗೆ ಇದನ್ನು ನೋಡಿದಾಗಲೆಲ್ಲ ನಯಾ ಪೈಸೆ ನೆನಪಾಗುತ್ತದೆ. ಮೊದಲು ರೂಪಾಯಿಗೆ 16 ಆಣೆ, 64 ಪೈಸೆ. ಎಲ್ಲ ಎರಡರ ಲೆಕ್ಕ, ಕಂಪ್ಯೂಟರಿನವರ ಹಾಗೇ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಆಗ ನನಗೆ ಎರಡು ವರ್ಷ. ನಮ್ಮಪ್ಪನ ಕಿರಾಣಿ ಅಂಗಡಿಯಲ್ಲಿ ಆಮೇಲೂ ಎಷ್ಟೋ ವರ್ಷ ಆಣೆಯನ್ನು ಆರೂಕಾಲು ಪೈಸೆ ಮಾಡಿ ಕೊಡುವ ಕೊಸರಾಟ ನಡೆಯುತ್ತಲೇ ಇತ್ತು. ಆದರೆ ಸರ್ಕಾರ ಒಂದು ಜಾಣತನ ಮಾಡಿತ್ತು. ಹೊಸ ಪೈಸೆಗೆ ‘ನಯಾ ಪೈಸೆ’ ಅಂತ ಬೇರೆ ಹೆಸರು ಕೊಟ್ಟಿತು. ಜನಕ್ಕೆ ಅಭ್ಯಾಸವಾದ ಮೇಲೆ, 1964ರಲ್ಲಿ, ‘ನಯಾ’ ತೆಗೆಯಿತು. ಕಂಪ್ಯೂಟರಿನವರಿಗೂ 1998ರಲ್ಲಿ ಹಾಗೇ ಬೇರೆ ಹೆಸರು ಕೊಟ್ಟರು. 1,024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್. ಬೀದಿಯಲ್ಲಿ ಯಾರ ಬಾಯಲ್ಲಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಇದನ್ನೆಲ್ಲ ಹೇಳುವಾಗ ನನ್ನ ಮನಸ್ಸಿನಲ್ಲೇ ಒಂದು ಕಸಿವಿಸಿ ಇತ್ತು. ಅದನ್ನೂ ಬರೆದುಬಿಡುತ್ತೇನೆ. ಈ ತಪ್ಪನ್ನು ಮೊದಲು ಶುರು ಮಾಡಿದವರಲ್ಲಿ ನಾವೂ ಇದ್ದೇವೆ.

ನಮ್ಮ ಟ್ರಾನ್ಸ್‌ಮಿಷನ್ ರೂಮಿನಲ್ಲಿ ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು ‘ಟೂ ಎಂಬಿ’. ‘ಆ ಟೂ ಎಂಬಿ ಡೌನ್ ಆಗಿದೆ ನೋಡಿ’, ‘ಹಾಸನಕ್ಕೆ ಇನ್ನೆರಡು ಟೂ ಎಂಬಿ ಬೇಕಂತೆ’. ಕಾಗದದ ಮೇಲೆ ಅದರ ಹೆಸರು ಇ-1. ವೇಗ ಸೆಕೆಂಡಿಗೆ 2.048 ಮೆಗಾಬಿಟ್. ಬೈಟ್ ಅಲ್ಲವೇ ಅಲ್ಲ. ಆದರೆ ನಾವು ಯಾರೂ ಬಿಟ್ ಅಂತ ಹೇಳಲಿಲ್ಲ. ನಮ್ಮ ಲೋಕದಲ್ಲಿ ಬೈಟ್‌ಗೆ ಕೆಲಸವೇ ಇರಲಿಲ್ಲವಲ್ಲ, ಅದಕ್ಕೆ ಗೊಂದಲವೂ ಇರಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಒಂದರ ಹಿಂದೆ ಒಂದು ಮಿಣುಕುತ್ತಾ ಹೋಗುತ್ತದೆ. ಎಂಟು ಸೇರಿಸಿ ಗಂಟು ಕಟ್ಟುವುದು ಅದಕ್ಕೆ ಗೊತ್ತಿಲ್ಲ. ಸಾಗಿಸುವವನಿಗೆ ಬಿಟ್ ಲೆಕ್ಕ, ಕೂಡಿಡುವವನಿಗೆ ಬೈಟ್ ಲೆಕ್ಕ. ಇವರಿಬ್ಬರೂ ಒಂದೇ ಮನೆಗೆ ಬಂದು ಕೂತ ಮೇಲೆ ರಗಳೆ ಶುರುವಾಯಿತು.

ಆ 2.048 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಬೇಡದವರು ಈ ಪ್ಯಾರಾ ಬಿಡಬಹುದು, ಆದರೆ ನನಗೆ ಇಷ್ಟವಾದ ಲೆಕ್ಕ ಇದು. ಫೋನಿನಲ್ಲಿ ಒಬ್ಬರು ‘ಹಲೋ’ ಅಂದರೆ ಆ ದನಿಯನ್ನು ಯಂತ್ರ ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆಯುತ್ತದೆ. ಎಂಟೆಂಟ್ಲ ಅರವತ್ನಾಲ್ಕು. ಒಬ್ಬರ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್. ಇಂಥ 32 ಕಂಡಿಗಳನ್ನು ಸಾಲಾಗಿ ಜೋಡಿಸಿದರೆ 2,048 ಕಿಲೋಬಿಟ್. ಅದರಲ್ಲಿ ಮಾತಿಗೆ 30 ಕಂಡಿ. ಒಂದು ಕಂಡಿ ಎರಡೂ ತುದಿಯ ತಾಳ ಕೂಡಿಸುವುದಕ್ಕೆ, ಇನ್ನೊಂದು ಯಾರು ಯಾರನ್ನು ಕರೆದರು ಅಂತ ಹೇಳುವುದಕ್ಕೆ. ಆಮೇಲೆ ಬಂದ ದೊಡ್ಡ ದೊಡ್ಡ ಯಂತ್ರಗಳೂ ಇದೇ 8,000ದ ತಾಳಕ್ಕೆ ಕುಣಿದವು. ಎಸ್‌ಟಿಎಂ-1 ಅನ್ನುವ ಆಪ್ಟಿಕಲ್ ಸಿಗ್ನಲ್ ಇದೆ. 9 ಸಾಲು, 270 ಕಂಬ, ಒಟ್ಟು 2,430 ಬೈಟ್‌ನ ಒಂದು ಚೌಕಟ್ಟು. ಅಂಥವು ಸೆಕೆಂಡಿಗೆ 8,000. ಗುಣಿಸಿ ನೋಡಿ, ಸರಿಯಾಗಿ 155.52 ಮೆಗಾಬಿಟ್ ಬರುತ್ತದೆ. ಚಿಲ್ಲರೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ನಾನು ಖುಷಿಯಿಂದ ಹೇಳುತ್ತಿದ್ದೆ. ಕೇಳುವವರು ಕಡಿಮೆ.

ಈ 155.52 ನನಗೆ ಒಮ್ಮೆ ಚೆನ್ನಾಗಿ ಬುದ್ಧಿ ಕಲಿಸಿದೆ. ಹೊಸದಾಗಿ ಎಸ್‌ಟಿಎಂ-1 ಬರುತ್ತಿದ್ದ ದಿನಗಳು. ಅದಕ್ಕೆ ಮೊದಲು ನಮ್ಮಲ್ಲಿದ್ದದ್ದು ‘140 ಎಂಬಿ’ ಸಿಸ್ಟಮ್. ಹೊಸದರಲ್ಲಿ ಎಷ್ಟು ಟೂ ಎಂಬಿ ಹಿಡಿಸುತ್ತದೆ ಅಂತ ಒಂದು ಪ್ಲಾನ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕ ತೆಗೆದು ನೋಡುವ ಬದಲು 155ನ್ನು 2ರಿಂದ ಭಾಗಿಸಿದೆ. ಎಪ್ಪತ್ತೇಳು ಬಂತು. ಜಾಸ್ತಿ ಆಯ್ತೇನೋ ಅಂತ ಸರಿಯಾಗಿ 155.52ನ್ನು 2.048ರಿಂದ ಭಾಗಿಸಿದೆ. 75.9. ಪೂರ್ತಿ ತೆಗೆದುಕೊಳ್ಳುವುದು ಬೇಡ ಅಂತ ದೊಡ್ಡ ಮನಸ್ಸು ಮಾಡಿ 75 ಬರೆದೆ. ಯಾವ ಊರಿಗೆ ಎಷ್ಟು ಅಂತ ಹಂಚಿಯೂ ಕೊಟ್ಟೆ. ಮೂರನೇ ದಿನ ಮೇಲಿನ ಸಾಹೇಬರ ಫೋನು. ‘ಏನ್ರೀ, 63 ಹೋಗುತ್ತೆ. ಮಿಕ್ಕ ಹನ್ನೆರಡನ್ನ ನಿಮ್ಮ ಮನೆಯಿಂದ ತರ್ತೀರಾ?’

ಮೂರು ಏಳಲಿ ಇಪ್ಪತ್ತೊಂದು, ಇಪ್ಪತ್ತೊಂದು ಮೂರಲಿ ಅರವತ್ತಮೂರು. ಎಸ್‌ಟಿಎಂ-1ರೊಳಗೆ ಟೂ ಎಂಬಿಗಳನ್ನು ಮೂರರ ಗುಂಪು, ಅಂಥ ಏಳರ ಗುಂಪು, ಮತ್ತೆ ಅಂಥ ಮೂರು ಅಂತ ಡಬ್ಬಿಯೊಳಗೆ ಡಬ್ಬಿಯಾಗಿ ಇಡುತ್ತಾರೆ. ಬರೀ ಸರಕು ಲೆಕ್ಕ ಹಾಕಿದರೆ 63 ಟೂ ಎಂಬಿಗೆ 129 ಮೆಗಾಬಿಟ್. ಉಳಿದ 26 ಮೆಗಾಬಿಟ್ ಚಿಲ್ಲರೆ ಡಬ್ಬಿಗೆ, ಚೀಟಿಗೆ, ಕಾವಲಿಗೆ, ಖಾಲಿ ಜಾಗಕ್ಕೆ. ಬಸ್ಸಿನ ಉದ್ದವನ್ನು ಸೀಟಿನ ಅಗಲದಿಂದ ಭಾಗಿಸಿ ಟಿಕೆಟ್ ಮಾರಿದವನು ನಾನು. ಡ್ರೈವರ್ ಎಲ್ಲಿ ಕೂರಬೇಕು ಅಂತ ಯೋಚನೆಯೇ ಮಾಡಿರಲಿಲ್ಲ. ತಮಾಷೆ ಏನು ಗೊತ್ತಾ? ಹಳೇ 140ರಲ್ಲಿ 64 ಟೂ ಎಂಬಿ ಹೋಗುತ್ತಿತ್ತು, 1,920 ಜನ ಒಟ್ಟಿಗೆ ಮಾತಾಡಬಹುದಿತ್ತು. ಹೊಸ 155ರಲ್ಲಿ ಒಂದು ಕಡಿಮೆ, 1,890 ಜನ. ನಂಬರ್ ದೊಡ್ಡದಾದರೆ ಸರಕು ಜಾಸ್ತಿ ಅಂತಲ್ಲ. ಹಳೆಯದರಲ್ಲಿ ಒಂದೇ ಒಂದು ಟೂ ಎಂಬಿ ಹೊರಗೆ ತೆಗೆಯಬೇಕಾದರೆ ಇಡೀ ಮೂಟೆ ಮೂರು ಹಂತದಲ್ಲಿ ಬಿಚ್ಚಬೇಕಿತ್ತು. ಹೊಸದರಲ್ಲಿ ಬೇಕಾದ್ದನ್ನು ನೇರ ಕೈಹಾಕಿ ತೆಗೆಯಬಹುದು. ಆ ಅನುಕೂಲಕ್ಕೆ ಕೊಟ್ಟ ಬೆಲೆ ಆ 26.

ಎಸ್‌ಟಿಎಂ-1 ಆದಮೇಲೆ 4, 16, 64. ಇಲ್ಲಿ ಮಾತ್ರ ನೇರ ಗುಣಾಕಾರ, ಯಾರೂ ನಡುವೆ ಕೈಯಿಡುವುದಿಲ್ಲ. 622.08, 2,488.32, 9,953.28 ಮೆಗಾಬಿಟ್. ಬಾಯಲ್ಲಿ ‘ಟೂ ಪಾಯಿಂಟ್ ಫೈವ್ ಜಿ’, ‘ಟೆನ್ ಜಿ’. ಈಗ 5ಜಿ ಮೊಬೈಲ್ ಬಂದ ಮೇಲೆ ಇದೂ ಒಂದು ಪೀಕಲಾಟ. ‘ಸಾರ್, ಈಗಷ್ಟೇ ಐದು ಜಿ ಬಂದಿದೆ, ನೀವು ಹತ್ತು ಜಿ ಓಡಿಸ್ತಿದ್ವಿ ಅಂತೀರಲ್ಲ’ ಅಂತ ಹುಡುಗ ನಕ್ಕ. ಮೊಬೈಲಿನ ಜಿ ತಲೆಮಾರು, ನಮ್ಮ ಜಿ ಗಿಗಾಬಿಟ್. ಒಂದು ವಂಶ, ಇನ್ನೊಂದು ತೂಕ.

ಆ ‘ಟೆನ್ ಜಿ’ ಕೂಡ ಒಂದೇ ಅಲ್ಲ. ನನ್ನ ಮಗಳು ಬೆಂಗಳೂರಿನಲ್ಲಿ ಡೇಟಾ ಸೆಂಟರ್ ಕೆಲಸ ಮಾಡುತ್ತಾಳೆ. ಒಮ್ಮೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಎರಡೂ ತುದಿಯಲ್ಲಿ ಟೆನ್ ಜಿ ಪೋರ್ಟು, ಬೆಳಕು ಬರುತ್ತಿದೆ, ಲಿಂಕ್ ಮಾತ್ರ ಏಳುತ್ತಿಲ್ಲ. ‘ಅಪ್ಪ, ಎರಡೂ ಹತ್ತೇ ಅಲ್ವಾ?’ ಅಂದಳು. ಯಾವ ಹತ್ತು ಅಂತ ಕೇಳಿದೆ. ಹಳೇ ಎಸ್‌ಟಿಎಂ-64ರ ಹತ್ತು 9.953 ಗಿಗಾಬಿಟ್. ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್‌ನ ಹತ್ತು ಸರಕಿನ ಲೆಕ್ಕದಲ್ಲಿ ಸರಿಯಾಗಿ 10, ಆದರೆ 64 ಬಿಟ್‌ಗೆ 2 ಬಿಟ್ ಗುರುತು ಸೇರಿಸುವುದರಿಂದ ಎಳೆಯ ಮೇಲೆ ಓಡುವುದು 10.3125. ತಪ್ಪು ತಿದ್ದುವ ಬಿಟ್‌ಗಳನ್ನು ಸೇರಿಸಿ ಎಸ್‌ಟಿಎಂ-64ನ್ನು ಹೊರುವ ದೂರದ ಲೈನಿನ ಹತ್ತು 10.709. ನಾಲ್ಕು ಹತ್ತು, ನಾಲ್ಕೂ ಬೇರೆ. ಒಂದು ತುದಿಯಲ್ಲಿ ಪೋರ್ಟನ್ನು ಎಸ್‌ಟಿಎಂ ಲೆಕ್ಕಕ್ಕೆ ಇಟ್ಟಿದ್ದರು, ಇನ್ನೊಂದು ತುದಿ ಈಥರ್‌ನೆಟ್ ಲೆಕ್ಕದಲ್ಲಿತ್ತು. ಸೆಟ್ಟಿಂಗ್ ಬದಲಾಯಿಸಿ ಮಲಗಿದಳು. ನನಗೆ ಆಮೇಲೆ ನಿದ್ದೆ ಬರಲಿಲ್ಲ, ಖುಷಿಗೆ.

ಇಷ್ಟೆಲ್ಲ ಪೇಪರ್ ಓದುವವರಿಗೆ ಬೇಡ, ಗೊತ್ತು. ಅವರಿಗೆ ಬೇಕಾದದ್ದು ಒಂದೇ ಒಂದು ಎಂಟರ ಲೆಕ್ಕ. ಆದರೆ ಆ ಎಂಟು ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ನೋಡಿ. ಫೈಬರ್ ಪ್ಲಾನ್‌ಗಳಲ್ಲಿ ವೇಗ ಬಿಟ್‌ನಲ್ಲಿ, ಮಿತಿ ಬೈಟ್‌ನಲ್ಲಿ. ‘100 ಎಂಬಿಪಿಎಸ್, ತಿಂಗಳಿಗೆ 3,300 ಜಿಬಿವರೆಗೆ’ ಅನ್ನುವಂಥ ಪ್ಲಾನ್ ಇದೆ ಅಂದುಕೊಳ್ಳಿ. ಪಕ್ಕಪಕ್ಕದಲ್ಲಿ ಬರೆದಿರುವ ಎರಡು ನಂಬರ್, ಎರಡು ಬೇರೆ ಮಾಪು. ಪೂರ್ತಿ ವೇಗದಲ್ಲಿ ಬಿಡದೆ ಓಡಿಸಿದರೆ ಆ 3,300 ಜಿಬಿ ಎಷ್ಟು ದಿನಕ್ಕೆ ಮುಗಿಯುತ್ತೆ ಹೇಳು ಅಂತ ಹುಡುಗನನ್ನು ಕೇಳಿದೆ. ಈ ಸಲ ಅವನು ಎಂಟರಿಂದ ಗುಣಿಸಿದ. 2,64,000 ಸೆಕೆಂಡು. ಮೂರು ದಿನ, ಮೇಲೆ ಒಂದು ಗಂಟೆ ಇಪ್ಪತ್ತು ನಿಮಿಷ. ಮನೆಯಲ್ಲಿ ಯಾರೂ ಹಾಗೆ ಓಡಿಸುವುದಿಲ್ಲ, ಬಿಡಿ. ಮೊಬೈಲಿನ ದಿನಕ್ಕೆ ಒಂದೂವರೆ ಜಿಬಿ ಆ ವೇಗದಲ್ಲಿ ಎರಡೇ ನಿಮಿಷ.

ಸರ್ಕಾರದ ಕಾಗದದಲ್ಲಿ ಬರುವುದೂ ಬಿಟ್ಟೇ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕಿಲೋಬಿಟ್, 2013ರಲ್ಲಿ 512, 2023ರಲ್ಲಿ 2 ಮೆಗಾಬಿಟ್. ಇದನ್ನು ‘2 ಎಂಬಿ’ ಅಂತ ಬರೆದರೆ ಓದುವವನು ಮೊಬೈಲಿನಲ್ಲಿರುವ 4 ಎಂಬಿ ಫೋಟೋ ಎರಡು ಸೆಕೆಂಡಿನಲ್ಲಿ ಹೋಗುತ್ತೆ ಅಂದುಕೊಳ್ಳುತ್ತಾನೆ. ಹೋಗುವುದು ಹದಿನಾರು ಸೆಕೆಂಡಿಗೆ. ನಮ್ಮ ಕಾಲದಲ್ಲಿ ಮೂವತ್ತು ಜನ ಮಾತಾಡುತ್ತಿದ್ದ ಆ ಟೂ ಎಂಬಿಯೇ ಹೆಚ್ಚುಕಡಿಮೆ ಈಗ ಒಂದು ಮನೆಯ ಕನಿಷ್ಠ. ಹಳ್ಳಿ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಸರ್ಕಾರಿ ಯೋಜನೆ ಭಾರತ್‌ನೆಟ್‌ನಲ್ಲಿ ಮೊದಲಿಂದ ಹೇಳಿಕೊಂಡು ಬಂದಿರುವ 100 ಕೂಡ ಮೆಗಾಬಿಟ್ಟೇ. ಅದನ್ನು ಬೈಟ್ ಅಂದರೆ ಸರ್ಕಾರ ಹೇಳಿದ್ದಕ್ಕಿಂತ ಎಂಟು ಪಟ್ಟು ನಾವೇ ಕೊಟ್ಟ ಹಾಗೆ.

ದೊಡ್ಡ ನಂಬರ್ ಬಂದಾಗಲಂತೂ ಕೇಳುವವರೇ ಇಲ್ಲ. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಅಂಡಮಾನ್‌ಗೆ ಸಮುದ್ರದಡಿ ಹಾಕಿದ ಸುಮಾರು 2,300 ಕಿಲೋಮೀಟರ್ ಆಪ್ಟಿಕಲ್ ಕೇಬಲ್ ಉದ್ಘಾಟನೆ ಆಯಿತು. ಪೋರ್ಟ್ ಬ್ಲೇರ್‌ಗೆ ಎರಡು ಸಲ 200, ಅಂದರೆ 400 ಗಿಗಾಬಿಟ್. ಬೈಟ್ ಲೆಕ್ಕದಲ್ಲಿ ಸೆಕೆಂಡಿಗೆ 50 ಗಿಗಾಬೈಟ್. ನಮ್ಮ ಹುಡುಗನ ಕಾರ್ಡು ಒಂದೂಕಾಲು ಸೆಕೆಂಡಿನಲ್ಲಿ ಖಾಲಿ. ಇದೇನು ಸಣ್ಣ ವಿಷಯವಾ? ಇದನ್ನು ‘400 ಜಿಬಿ’ ಮಾಡಿ ಉಬ್ಬಿಸುವ ಅಗತ್ಯವೇ ಇಲ್ಲ.

ಈಗ ನನ್ನ ಕೋರಿಕೆ. ‘ಎಂಬಿಪಿಎಸ್’ ಬಿಟ್ಟುಬಿಡಿ. ‘ಸೆಕೆಂಡಿಗೆ 100 ಮೆಗಾಬಿಟ್’ ಅಂತ ಬರೆಯಿರಿ. ಫೈಲ್ ಗಾತ್ರ ಆದರೆ ‘700 ಮೆಗಾಬೈಟ್’ ಅಂತ ಬರೆಯಿರಿ. ತಲೆಬರಹಕ್ಕೆ ಜಾಗ ಸಾಲುವುದಿಲ್ಲ ಅಂತ ಡೆಸ್ಕಿನವರು ಹೇಳಬಹುದು. ನಾನು ಎಣಿಸಿ ನೋಡಿದ್ದೇನೆ. ಎಂ-ಬಿ-ಪಿ-ಎ-ಸ್, ಐದು ಅಕ್ಷರ. ಮೆ-ಗಾ-ಬಿ-ಟ್, ನಾಲ್ಕು. ಪೂರ್ತಿ ಬರೆದರೇ ಜಾಗ ಉಳಿಯುತ್ತದೆ! ‘ಸೆಕೆಂಡಿಗೆ’ ಅನ್ನುವುದಕ್ಕೆ ಜಾಗ ಇಲ್ಲದಿದ್ದರೆ ‘100 ಮೆಗಾಬಿಟ್ ವೇಗ’ ಅನ್ನಿ, ಸಾಕು. ಇಂಗ್ಲಿಷಿನಲ್ಲಿ ಬಂದ ಪ್ರಕಟಣೆಯಲ್ಲಿ ಯಾವ ಬಿ ಇದೆ ಅಂತ ಒಮ್ಮೆ ಕಣ್ಣಾಡಿಸಿ. ಕೆಲವು ಸಲ ಅವರೇ ತಪ್ಪು ಬಿ ಹಾಕಿರುತ್ತಾರೆ. ಆಗ ಒಂದು ಅಂದಾಜು ಇಟ್ಟುಕೊಳ್ಳಿ: ಲೈನು, ಕೇಬಲ್, ಪ್ಲಾನಿನ ವೇಗ ಅಂದರೆ ಬಿಟ್. ಕಾರ್ಡು, ಫೈಲು, ದಿನದ ಮಿತಿ ಅಂದರೆ ಬೈಟ್.

ನಮ್ಮೂರು ಕೊಬ್ಬರಿ ಊರು. ನಿಮ್ಮ ಪತ್ರಿಕೆಯಲ್ಲಿ ಎಪಿಎಂಸಿ ಧಾರಣೆ ಬರುತ್ತದೆ, ಕ್ವಿಂಟಾಲಿಗೆ ಇಷ್ಟು ಅಂತ. ಒಂದೇ ಒಂದು ದಿನ ಅದೇ ನಂಬರಿನ ಮುಂದೆ ಕ್ವಿಂಟಾಲ್ ಹೋಗಿ ಕೆ.ಜಿ. ಅಂತ ಅಚ್ಚಾಗಲಿ, ಬೆಳಿಗ್ಗೆ ಏಳಕ್ಕೆಲ್ಲ ನಿಮ್ಮ ಕಚೇರಿಯ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಮೆಗಾಬಿಟ್ ತಪ್ಪಾದರೆ ಯಾರೂ ಫೋನ್ ಮಾಡುವುದಿಲ್ಲ. ಅದಕ್ಕೇ ನಾನು ಪತ್ರ ಬರೆಯುತ್ತಿರುವುದು.

ಸ್ಟುಡಿಯೋ ಹುಡುಗನಿಗೆ ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ಈ ಸಲ ಇಡೀ ಕಾರ್ಡು ಕಳಿಸುವುದಿಲ್ಲವಂತೆ. ಬೇಕಾದ ತುಣುಕು ಮಾತ್ರ ಆರಿಸಿ 8 ಗಿಗಾಬೈಟ್ ಮಾಡುತ್ತಾನಂತೆ. ಲೆಕ್ಕ ತಾನೇ ಹಾಕಿಕೊಂಡು ಬಂದು ತೋರಿಸಿದ. 640 ಸೆಕೆಂಡು, ಹನ್ನೊಂದು ನಿಮಿಷ. ಮೊದಲು ಅವನು ಅಂದುಕೊಂಡಿದ್ದ ನಂಬರೇ ಕೊನೆಗೂ ಬಂತು.

ಈ ಪತ್ರವನ್ನು ಟೈಪ್ ಮಾಡಿಕೊಟ್ಟವಳು ನನ್ನ ಮಗಳು. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ, ಒಂದೊಂದು ಒತ್ತಿನ ಗುರುತಿಗೂ ಕಂಪ್ಯೂಟರ್ ಮೂರು ಮೂರು ಬೈಟ್ ತೆಗೆದುಕೊಳ್ಳುತ್ತದಂತೆ. ‘ಕನ್ನಡ’ ಅಂತ ಬರೆದರೇ 15 ಬೈಟ್. ‘ಅಪ್ಪ, ಪತ್ರ ತುಂಬಾ ಉದ್ದ ಆಯ್ತು, ಸುಮಾರು 50 ಕೆಬಿ ಆಗುತ್ತೆ’ ಅಂದಳು.

ಯಾವ ಕೆಬಿ ಅಂತ ಕೇಳಿದೆ.

ಇಂತಿ,
ನಿವೃತ್ತ ಟ್ರಾನ್ಸ್‌ಮಿಷನ್ ಸಿಬ್ಬಂದಿ,
ತಿಪಟೂರು